ಮೇ ತಿಂಗಳ ಮಳೆಯಲ್ಲಿ ದ್ವೀಪದಲ್ಲಿ ಟೆಂಟ್ ಹಾಕಿದವರು ಇದ್ದೀರಾ?

ಬನಶಂಕರಿಯಿಂದ, ಕೇಳಿದ್ದು:
ಮೇ ಎರಡನೇ ವಾರ ಕಾರವಾರದ ಹತ್ತಿರ ಒಂದು ಪುಟ್ಟ ದ್ವೀಪದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರೋಣ ಅಂತ ಇದ್ದೇವೆ. ದೊಡ್ಡವರು ನಾಲ್ಕು ಜನ, ಜೊತೆಗೆ ಒಂಬತ್ತು ವರ್ಷದ ಮಗಳು. ಅನುಮತಿ ನಾವೇ ಕೊಡಿಸ್ತೀವಿ ಅಂತ ದೋಣಿಯವರು ಹೇಳಿದ್ದಾರೆ. ಬೇಸಿಗೆ ಅಲ್ವಾ ಅಂತ ಧೈರ್ಯವಾಗಿ ರಜೆ ಹಾಕಿದ್ದೆ. ಈಗ ನೋಡಿದರೆ ಬೆಂಗಳೂರಲ್ಲೇ ದಿನಾ ಸಂಜೆ ಗುಡುಗು, ಆಲಿಕಲ್ಲು. ಅಲ್ಲಿ ಮಳೆ ಹಿಡಿದರೆ ಏನು ಮಾಡೋದು? ಹೋಗಿ ಬಂದವರು ಹೇಳಿ.

ಮಲ್ಲೇಶ್ವರದಿಂದ:
ಹೋಗಿದ್ದೇವೆ, ಚೆನ್ನಾಗಿ ನೆನೆದೂ ಬಂದಿದ್ದೇವೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲ ದಿನ ಸಂಜೆ ಐದರವರೆಗೂ ಸುಡು ಬಿಸಿಲು. ಸಮುದ್ರ ಚೆನ್ನಾಗಿ ಕಾಣುತ್ತೆ ಅಂತ ಎರಡು ಬಂಡೆಗಳ ನಡುವೆ ಮೆತ್ತನೆ ಮರಳಿನ ಮೇಲೆ ಟೆಂಟ್ ಹಾಕಿದೆವು. ಆ ಜಾಗ ಒಂದು ಚೂರು ತಗ್ಗಾಗಿತ್ತು, ಕಣ್ಣಿಗೆ ಬೀಳುವಷ್ಟೂ ಇಲ್ಲ. ಮರಳು ಮೇಲೆ ಒಂದು ಗೇಣು ಅಷ್ಟೇ, ಅದರಡಿ ಕಲ್ಲು. ಕೆಳಗಿನಿಂದ ಒದ್ದೆ ಆಗಬಾರದು ಅಂತ ನಾನು ದೊಡ್ಡ ಟಾರ್ಪಾಲ್ ಹಾಸಿದ್ದೆ. ಅದು ಟೆಂಟಿನ ಸುತ್ತಲೂ ಒಂದಡಿ ಹೊರಗೆ ಚಾಚಿಕೊಂಡಿತ್ತು. ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅಂದುಕೊಂಡೆ.

ರಾತ್ರಿ ಹನ್ನೊಂದಕ್ಕೆ ಮಳೆ ಶುರುವಾಯಿತು. ಮೇಲಿನಿಂದ ಒಂದು ಹನಿಯೂ ಸೋರಲಿಲ್ಲ. ನಾನು ಬೀಗುತ್ತಾ ಮಲಗಿದ್ದೆ. ಅಷ್ಟರಲ್ಲಿ ಹೆಂಡತಿ, "ರೀ, ಬೆನ್ನ ಕೆಳಗೆ ಏನೋ ಅಲ್ಲಾಡ್ತಿದೆ" ಅಂದಳು. ಕೈಯಿಟ್ಟು ನೋಡಿದರೆ ಟೆಂಟಿನ ನೆಲ ಹಾಲಿನ ಪ್ಯಾಕೆಟ್ ಥರ ಕುಲುಕುತ್ತಿತ್ತು. ಟೆಂಟಿನ ಮೇಲಿಂದ ಜಾರಿದ ನೀರೆಲ್ಲ ಹೊರಗೆ ಚಾಚಿದ್ದ ಟಾರ್ಪಾಲ್ ಮೇಲೆ ಬಿದ್ದು ಸೀದಾ ನಮ್ಮ ಅಡಿಗೆ ಬಂದಿತ್ತು. ಇಂಗಲು ಟಾರ್ಪಾಲ್ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಹೊಲಿಗೆಯಿಂದ ಒಳಗೆ ಜಿನುಗಿತು. ಟವೆಲಿನಲ್ಲಿ ಒರೆಸಿ ಹಿಂಡಿ, ಒರೆಸಿ ಹಿಂಡಿ ಕೈ ಸೋತು ಹೋಯಿತು. ಆಮೇಲೆ ಬ್ಯಾಗುಗಳ ಮೇಲೆ ಕೂತು ಬೆಳಗಿನವರೆಗೆ ಕೋಡುಬಳೆ ತಿಂದೆವು.

ಅದಕ್ಕೇ ಹೇಳ್ತೀನಿ, ಕೆಳಗಿನ ಹಾಸು ಟೆಂಟಿನ ನೆಲಕ್ಕಿಂತ ನಾಲ್ಕು ಬೆರಳು ಚಿಕ್ಕದೇ ಇರಲಿ. ದೊಡ್ಡದಿದ್ದರೆ ಅಂಚನ್ನು ಅಡಿಗೆ ಮಡಚಿ. ಟೆಂಟ್ ಹಾಕುವ ಮೊದಲು ಮರಳಿಗೆ ಒಂದು ಕಡ್ಡಿ ಚುಚ್ಚಿ ನೋಡಿ, ಬೇಗ ಕಲ್ಲು ಸಿಕ್ಕರೆ ಬೇರೆ ಜಾಗ ಹುಡುಕಿ. ಟೆಂಟ್ ಜೊತೆ ಕೊಡುವ ತೆಳು ಗೂಟಗಳು ಮರಳಲ್ಲಿ ನಿಲ್ಲೋದೇ ಇಲ್ಲ. ಖಾಲಿ ಅಕ್ಕಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದೂವರೆ ಅಡಿ ಗುಂಡಿಯಲ್ಲಿ ಹೂತುಬಿಡಿ. ಎರಡನೇ ರಾತ್ರಿಯ ಗಾಳಿಗೆ ನಮ್ಮ ಟೆಂಟ್ ಉಳಿದದ್ದು ಆ ಚೀಲಗಳಿಂದಲೇ.

ಕೆಂಗೇರಿಯಿಂದ:
ಮೇ ತಿಂಗಳಲ್ಲಿ ಯಾಕ್ರೀ? ಡಿಸೆಂಬರಿನಲ್ಲಿ ಹೋಗಿ, ಆರಾಮಾಗಿರಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಯೋಚನೆಯೂ ಇದ್ದರೆ ಬಿಟ್ಟುಬಿಡಿ, ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ.

ರಾಜಾಜಿನಗರದಿಂದ:
ಬಾಡಿಗೆ ಟೆಂಟ್ ತರೋದಾದ್ರೆ ಮೊದಲು ತಾರಸಿ ಮೇಲೆ ಹಾಕಿ ನೋಡಿ. ನಮಗೆ ಕೊಟ್ಟಿದ್ದರಲ್ಲಿ ಹೊಲಿಗೆ ಮೇಲಿನ ಪಟ್ಟಿ ಕಿತ್ತು ಬಂದಿತ್ತು, ಗೊತ್ತಾಗಿದ್ದು ಮಳೆಯಲ್ಲೇ. ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ನೀರಿಗೆ ಓನರ್ ಬೈದರೆ ಸಂಜೆ ಮಳೆಗೆ ಕಾಯಿರಿ, ಅದು ಫ್ರೀ. ಹಗ್ಗ, ಟಾರ್ಪಾಲ್ ಎಲ್ಲ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತೆ. ಇನ್ನೊಂದು ವಿಷಯ, ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲ. ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಗಡಲೆ ಇಟ್ಟುಕೊಳ್ಳಿ, ಒಲೆಯ ಗೋಜೇ ಬೇಡ. ಚಿತ್ರಾನ್ನ ಮಾತ್ರ ಬೇಡ, ಆ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತೆ.

ಆರ್.ಟಿ. ನಗರದಿಂದ, ಊರು ಅಂಕೋಲಾ:
ಎಲ್ಲರೂ ಮಳೆ ಮಳೆ ಅಂತಿದ್ದೀರಿ. ನಮ್ಮೂರಲ್ಲಿ ಮೀನು ಹಿಡಿಯುವವರು ಮಳೆಗೆ ಹೆದರೋದಿಲ್ಲ ಮಾರಾಯ್ರೆ, ಗಾಳಿಗೆ ಹೆದರುತ್ತಾರೆ. ನೀವು ಹೋಗುವ ಹೊತ್ತಿಗೆ ಭರಣಿ ಮಳೆ ಮುಗಿದು ಕೃತ್ತಿಕೆ ಹಿಡಿಯುತ್ತೆ. ಮುಂಗಾರು ಕರಾವಳಿಗೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ. ಆದರೆ ಕಡಲು ಕ್ಯಾಲೆಂಡರ್ ನೋಡಿಕೊಂಡು ಏಳಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಬಂದಿದ್ದು ಇದೇ ಮೇ ಮಧ್ಯದಲ್ಲಿ.

ನೀವು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತಾ? ದ್ವೀಪದಿಂದ ಬರುವ ದಿನವೇ ಬೆಂಗಳೂರಿಗೆ ರೈಲು ಬುಕ್ ಮಾಡೋದು. ಕೈಯಲ್ಲಿ ಟಿಕೆಟ್ ಇದ್ದರೆ ಮನುಷ್ಯ ದೋಣಿಯವರಿಗೆ "ಹೇಗಾದ್ರೂ ಕರ್ಕೊಂಡು ಹೋಗಿ" ಅಂತ ದುಂಬಾಲು ಬೀಳುತ್ತಾನೆ. ನಾನೇ ಬಿದ್ದಿದ್ದೆ. ಪುಣ್ಯಕ್ಕೆ ಅವರು ಒಪ್ಪಲಿಲ್ಲ. ಪಂಚಗಂಗಾ ರೈಲು ತಪ್ಪಿಹೋಯಿತು, ಮಾರನೇ ದಿನ ಬಸ್ಸಿನಲ್ಲಿ ಬಂದೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆ ದಿನಕ್ಕೆ ಆಗುವಷ್ಟು ಕುಡಿಯುವ ನೀರೂ ಇರಲಿ, ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ.

ಟೆಂಟಿನ ಜಾಗ ಹೇಗೆ ನೋಡೋದು ಅಂದ್ರೆ, ದಡದಲ್ಲಿ ಒಣ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಒಂದು ಗೆರೆ ಇರುತ್ತೆ. ಹಿಂದಿನ ಉಬ್ಬರ ಬಂದು ನಿಂತದ್ದು ಅಲ್ಲಿಯವರೆಗೆ. ಅದಕ್ಕಿಂತ ಸಾಕಷ್ಟು ಮೇಲೆ ಹಾಕಿ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇದ್ದರೆ ಇನ್ನೂ ಮೇಲೆ, ಆಗ ಉಬ್ಬರ ಜಾಸ್ತಿ. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ನಿನ್ನೆ ಈ ಹೊತ್ತಿಗೆ ನೀರು ಇಳಿದಿತ್ತು ಅಂತ ಬಂಡೆ ಮೇಲೆ ಬಟ್ಟೆ ಒಣಹಾಕಿದರೆ ಕಡಲಿಗೆ ದಾನ.

ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಸೆಕೆ ಅಂತ ಬಿಚ್ಚಲೂ ಬೇಡಿ. 2019ರ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಹೋದರು. ಅದು ಮಳೆಗಾಲವೂ ಅಲ್ಲ. ಅನುಮತಿಯನ್ನೂ ದೋಣಿಯವರ ಬಾಯಿಮಾತಿಗೆ ಬಿಡಬೇಡಿ, ಕರಾವಳಿ ಕಾವಲು ಪೊಲೀಸರನ್ನು ಕೇಳಿ. ಅವರ ನಂಬರ್ 1093. ಕೋಸ್ಟ್ ಗಾರ್ಡ್ 1554. ಹೈದರಾಬಾದಿನ ಇನ್‌ಕಾಯಿಸ್ ಅನ್ನೋ ಸರ್ಕಾರಿ ಸಮುದ್ರ ಮಾಹಿತಿ ಕೇಂದ್ರ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತೆ, ಹೊರಡುವ ಮೊದಲು ನೋಡಿಕೊಳ್ಳಿ.

ಜಯನಗರದಿಂದ:
ಮಗು ಇದೆ ಅಂದ್ರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಭಯ ಆಗಿದ್ದು ಸಿಡಿಲಿಗೆ. ಟೆಂಟ್ ಒಳಗಿದ್ದರೆ ಸಿಡಿಲಿಂದ ರಕ್ಷಣೆ ಅಂತ ತಿಳ್ಕೋಬೇಡಿ, ಅದು ಬರೀ ಬಟ್ಟೆ. ಒಂಟಿ ಮರ, ದ್ವೀಪದ ನೆತ್ತಿ, ನೀರಿನ ಅಂಚು ಮೂರೂ ಬೇಡ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ, ಸಿಡಿಲು ಬಿಡಿ, ಕಾಯಿ ಬಿದ್ದರೂ ಸಾಕು.

ಮಿಂಚಿದ ಕೂಡಲೇ ಎಣಿಸಲು ನನ್ನ ಮಗನಿಗೆ ಕಲಿಸಿದ್ದೆ. ಮೂರು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಹತ್ತಿರ ಬಂತು ಅಂತ ಅರ್ಥ. ಎಣಿಸೋದ್ರಲ್ಲಿ ಅವನ ಅಳು ನಿಂತಿತು, ನನ್ನ ಎದೆ ಮಾತ್ರ ಡವಡವ. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಆದರೆ ಆಕಾಶ ಆಗಲೇ ಗುಡುಗುಡು ಅಂತಿದ್ದರೆ ದಡದಲ್ಲೇ ಉಳಿದುಬಿಡಿ. ದ್ವೀಪ ಸೇರಿದ ಮೇಲೆ ಓಡಿಹೋಗಲು ಪಕ್ಕಾ ಕಟ್ಟಡ ಇರಲ್ಲ.

ಬನಶಂಕರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಎರಡು ರಾತ್ರಿ ಇದ್ದದ್ದನ್ನು ಒಂದಕ್ಕೆ ಇಳಿಸಿದೆ. ವಾಪಸ್ ಟಿಕೆಟ್ ಒಂದು ದಿನ ಮುಂದಕ್ಕೆ ಹಾಕಿ, ಕಾರವಾರದಲ್ಲಿ ರೂಮನ್ನೂ ಹೇಳಿಟ್ಟೆ. ನಿನ್ನೆ ತಾರಸಿ ಮೇಲೆ ಟೆಂಟ್ ಹಾಕಿದ್ದೆವು, ಸಂಜೆ ಸರಿಯಾಗಿ ಮಳೆಯೂ ಬಂತು. ನೆತ್ತಿ ಸೋರಲಿಲ್ಲ. ಬಾಗಿಲಿನ ಜಿಪ್ ಹತ್ತಿರ ಮಾತ್ರ ಹನಿ. ಮಗಳು ಒಳಗೆ ಕೂತು ಮಿಂಚಿಗೆ ಎಣಿಸುತ್ತಾ ಕೆಳಗಿಳಿಯಲ್ಲ ಅಂತ ಹಟ, ಎತ್ತಿಕೊಂಡು ಬರಬೇಕಾಯಿತು. ಜಿಪ್ಪಿಗೆ ಏನು ಮಾಡಲಿ?

ಮಲ್ಲೇಶ್ವರದಿಂದ:
ಬಾಗಿಲು ಗಾಳಿ ಬರುವ ಕಡೆಗೆ ಇತ್ತು ಅನ್ಸುತ್ತೆ. ತಿರುಗಿಸಿ ಹಾಕಿ ನೋಡಿ. ಟವೆಲ್ ಎರಡು ಜಾಸ್ತಿನೇ ಇಟ್ಟುಕೊಳ್ಳಿ.