ಹೂವಿನ ಬೀಜ ಏಕೆ ಮೊಳೆಯಲಿಲ್ಲ? ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ: ಮೂರು ವಾರಗಳ ಹಿಂದೆ ಪೆಟೂನಿಯಾ, ಜಿನಿಯಾ ಮತ್ತು ಮಾರ್ನಿಂಗ್ ಗ್ಲೋರಿ ಬೀಜಗಳನ್ನು ಒಂದೇ ದಿನ ಬಿತ್ತಿ, ಎಲ್ಲಕ್ಕೂ ಅರ್ಧ ಇಂಚು ಮಣ್ಣು ಮುಚ್ಚಿ, ದಿನಕ್ಕೆರಡು ಬಾರಿ ನೀರು ಹಾಕುತ್ತ ಬಂದೆ. ಎದ್ದದ್ದು ಜಿನಿಯಾ ಮಾತ್ರ. ಅದರಲ್ಲೂ ಅರ್ಧದಷ್ಟು ಸಸಿಗಳು ಬುಡ ಕೊಳೆತು ಬಿದ್ದುಹೋದವು. ಬೀಜವೇ ಹಳತಾಗಿತ್ತೇ, ನಾನು ತಪ್ಪಿದೆನೇ? ಅನುಭವವಿದ್ದವರು ತಿಳಿಸಬೇಕು.

ಮೊದಲ ಉತ್ತರ: ಜಿನಿಯಾ ಎದ್ದಿರುವುದರಿಂದ ನಿಮ್ಮ ಮಣ್ಣನ್ನು ದೂರುವಂತಿಲ್ಲ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು; ಮೊಳೆಯಲು ಅದಕ್ಕೆ ಬೆಳಕು ಬೇಕು, ಅರ್ಧ ಇಂಚು ಮಣ್ಣನ್ನು ಸೀಳಿ ಮೇಲೆ ಬರುವಷ್ಟು ಆಹಾರವೂ ಅದರೊಳಗೆ ಇರುವುದಿಲ್ಲ. ನಾನೂ ಎರಡು ಬಾರಿ ಹೀಗೆಯೇ ಹೂತು ಕಳೆದುಕೊಂಡ ಮೇಲೆ, ಒದ್ದೆ ಕೊಕೊಪೀಟಿನ (ತೆಂಗಿನ ನಾರಿನ ಪುಡಿಯ) ಮೇಲೆ ಬೀಜವನ್ನು ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಏನನ್ನೂ ಮುಚ್ಚದೆ ಬಿಟ್ಟೆ. ಹತ್ತನೆಯ ದಿನ ಹಸಿರು ಕಂಡಿತು. ಉಳಿದ ಬೀಜಗಳನ್ನು ಅವುಗಳ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಬಿತ್ತಿದರೆ ಸಾಕು. ಮುಂದೆ ಪ್ಯಾನ್ಸಿ ಹೂವಿನ ಬೀಜ ಬಿತ್ತುವುದಾದರೆ, ಅದಕ್ಕೆ ಕತ್ತಲೆ ಬೇಕು, ತಂಪೂ ಬೇಕು. ಸೆಕೆಯಲ್ಲಿ ಬಿತ್ತಿದರೆ ಅದು ಸುಮ್ಮನೆ ಮಲಗಿಬಿಡುತ್ತದೆ.

ಎರಡನೆಯ ಉತ್ತರ: ಮಾರ್ನಿಂಗ್ ಗ್ಲೋರಿಯ ಸಿಪ್ಪೆ ಗಟ್ಟಿಯಾದ್ದರಿಂದ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಉಪ್ಪುಕಾಗದದ ಮೇಲೆ ಒಂದು ಬದಿಯನ್ನು ಸ್ವಲ್ಪ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ. ಉಬ್ಬದವನ್ನು ಮತ್ತೊಮ್ಮೆ ಉಜ್ಜಬಹುದು.

ಮೂರನೆಯ ಉತ್ತರ: ನೆನೆಸುವ ಮಾತಿಗೆ ನನ್ನದೊಂದು ಸೇರ್ಪಡೆಯಿದೆ. 24 ಗಂಟೆ ಮೀರಿದರೆ ಬೀಜ ಉಸಿರುಕಟ್ಟಿ ಕೊಳೆಯುತ್ತದೆ. ಒಮ್ಮೆ ಮರೆತು ಎರಡು ದಿನ ಬಿಟ್ಟಿದ್ದ ನನ್ನ ಬಟ್ಟಲು ನಾರತೊಡಗಿತ್ತು. ನಿಮ್ಮ ಜಿನಿಯಾ ಸಸಿಗಳು ಬಿದ್ದದ್ದು ಶಿಲೀಂಧ್ರದಿಂದ ಬರುವ ಸಸಿ ಕೊಳೆ ರೋಗದಿಂದ ಎಂದು ತೋರುತ್ತದೆ, ಮತ್ತು ದಿನಕ್ಕೆರಡು ಬಾರಿಯ ನೀರೇ ಅದನ್ನು ಕರೆತಂದಿರಬೇಕು. ಮೇಲ್ಮಣ್ಣು ಒಣಗುವ ಸೂಚನೆ ಕಂಡಾಗ ಮಾತ್ರ ಟ್ರೇಯನ್ನು ತಟ್ಟೆಯ ನೀರಿನಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ, ಸಸಿಗಳ ನಡುವೆ ಗಾಳಿಯಾಡುವಷ್ಟು ಅಂತರವಿರಲಿ, ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ನಾಲ್ಕನೆಯ ಉತ್ತರ: ಬೀಜ ಹಳತೇ ಎಂಬ ಅನುಮಾನಕ್ಕೂ ಪರೀಕ್ಷೆಯಿದೆ. ಜಿನಿಯಾದ ಹತ್ತು ಬೀಜಗಳನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬೆಚ್ಚನೆಯ ಜಾಗದಲ್ಲಿ ಒಂದು ವಾರ ಬಿಡಿ. ಏಳೆಂಟು ಮೊಳೆತರೆ ಬೀಜದ ಮೇಲೆ ತಪ್ಪು ಹೊರಿಸಬೇಡಿ. ಎರಡೋ ಮೂರೋ ಮಾತ್ರ ಮೊಳೆತರೆ ಹೊಸ ಪೊಟ್ಟಣ ತರುವುದೇ ಮೇಲು. ಪೆಟೂನಿಯಾ ಟ್ರೇಯನ್ನು ಮಾತ್ರ ಕಾಯದೆ ಇಂದೇ ಮತ್ತೆ ಬಿತ್ತಿಬಿಡಿ, ಹೂತುಹೋದದ್ದು ಇನ್ನು ಬರುವ ಸಂಭವ ಕಡಿಮೆ.