ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್: ಗೇನ್ ಬರೀ 4, ಮೇಡಂ ಕಾರಣ ಹೇಳ್ತಿಲ್ಲ

ಇಸಿ_ಮೂರನೇಸೆಮ್

ವಿಟಿಯು, ಅನಲಾಗ್ ಲ್ಯಾಬ್. ಸಿಂಗಲ್ ಸ್ಟೇಜ್ ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್. ಸಪ್ಲೈ 12 ವೋಲ್ಟ್, ಟ್ರಾನ್ಸಿಸ್ಟರ್ ಎಸ್‌ಎಲ್ 100. ಬೇಸ್‌ಗೆ ಮೇಲೆ 47ಕೆ (ಕಿಲೋಓಮ್), ಕೆಳಗೆ 10ಕೆ, ಕಲೆಕ್ಟರ್‌ಗೆ 2.2ಕೆ, ಎಮಿಟರ್‌ಗೆ 560 ಓಮ್. ಕಪಲಿಂಗ್ ಕೆಪಾಸಿಟರ್ ಎರಡೂ 0.47 ಮೈಕ್ರೋಫ್ಯಾರಡ್, ಎಮಿಟರ್ ಬೈಪಾಸ್ 47 ಮೈಕ್ರೋಫ್ಯಾರಡ್.

ಡಿಸಿ ರೀಡಿಂಗ್: ಬೇಸ್ 1.9, ಎಮಿಟರ್ 1.2, ಕಲೆಕ್ಟರ್ 7.2 ವೋಲ್ಟ್. ಇನ್‌ಪುಟ್ 10 ಕಿಲೋಹರ್ಟ್ಸ್, 50 ಮಿಲಿವೋಲ್ಟ್ ಪೀಕ್ ಟು ಪೀಕ್ ಕೊಟ್ಟರೆ ಔಟ್‌ಪುಟ್ 200 ಮಿಲಿವೋಲ್ಟ್ ದಾಟ್ತಿಲ್ಲ. ಮ್ಯಾನ್ಯುಯಲ್‌ನಲ್ಲಿ ಗೇನ್ (ಔಟ್‌ಪುಟ್ ಭಾಗಿಸು ಇನ್‌ಪುಟ್) 150ರ ಮೇಲಿದೆ.

ಮೇಡಂ ಡಿಸಿ ಟೇಬಲ್‌ಗೆ ಸೈನ್ ಹಾಕೋವರೆಗೂ ಫಂಕ್ಷನ್ ಜನರೇಟರ್ ಮುಟ್ಟೋಕೆ ಬಿಡಲ್ಲ. ಏನು ತಪ್ಪಾಗಿದೆ ಅಂತ ಕೇಳಿದರೆ "ಎಮಿಟರ್‌ನಲ್ಲಿ ಸಿಆರ್‌ಓ ಇಟ್ಟು ನೋಡಿ" (ಸಿಆರ್‌ಓ ಅಂದರೆ ವೇವ್ ತೋರಿಸೋ ಆಸಿಲೋಸ್ಕೋಪ್) ಅಂದು ಮುಂದಿನ ಟೇಬಲ್‌ಗೆ ಹೋಗ್ತಾರೆ. ಎಮಿಟರ್ ನೋಡಿ ಏನು ಉಪಯೋಗ?

ಬೆಸುಗೆ_ಬಸಣ್ಣ

ಉತ್ತರ ಕೊಟ್ಟೇ ಹೋಗಿದ್ದಾರಲ್ಲ ಮಾರಾಯ್ರೆ. ನಿಮ್ಮ ಗೇನ್ 4 ಎಲ್ಲಿಂದ ಬಂತು ನೋಡಿ: 2200 ಭಾಗಿಸು 560, ಅಂದರೆ 3.9. ಬೈಪಾಸ್ ಕೆಪಾಸಿಟರ್ (ಎಸಿ ಸಿಗ್ನಲ್ 560 ಓಮ್ ತಪ್ಪಿಸಿ ಗ್ರೌಂಡ್‌ಗೆ ಹೋಗೋ ದಾರಿ) ಇಲ್ಲದ ಸರ್ಕ್ಯೂಟ್‌ನ ಗೇನ್ ಅದು. ಡಿಸಿ ಸರಿ ಇದ್ದು ಗೇನ್ ಮಾತ್ರ ಹೀಗೆ ಬಿದ್ದರೆ ಬೇರೆ ಎಲ್ಲೂ ಹುಡುಕಬೇಡಿ.

ಸಿಆರ್‌ಓ ಪ್ರೋಬ್ ಎಮಿಟರ್ ಕಾಲಿಗೆ ಇಡಿ, ಎಸಿ ಕಪಲಿಂಗ್‌ನಲ್ಲಿ. ಬೈಪಾಸ್ ಕೆಲಸ ಮಾಡುತ್ತಿದ್ದರೆ 10 ಕಿಲೋಹರ್ಟ್ಸ್‌ನಲ್ಲಿ ಅಲ್ಲಿ ಹೆಚ್ಚುಕಮ್ಮಿ ನೇರ ಗೆರೆ ಕಾಣಬೇಕು. ಇನ್‌ಪುಟ್‌ನಷ್ಟೇ ದೊಡ್ಡ ಸೈನ್ ವೇವ್ ಕಂಡರೆ ಕೆಪಾಸಿಟರ್ ಗ್ರೌಂಡ್ ತಲುಪಿಲ್ಲ. ಸಾಮಾನ್ಯವಾಗಿ ಕಾಲು ಪಕ್ಕದ ಸಾಲಿಗೆ ಹೋಗಿರುತ್ತೆ. ಇಲ್ಲವೇ ಬ್ರೆಡ್‌ಬೋರ್ಡ್‌ನ ಗ್ರೌಂಡ್ ಸಾಲು ನಡುವೆ ತುಂಡಾಗಿರುತ್ತೆ. ಉದ್ದದ ಬೋರ್ಡ್‌ಗಳಲ್ಲಿ ಕೆಂಪು-ನೀಲಿ ಗೆರೆ ಮಧ್ಯದಲ್ಲಿ ನಿಂತಿದ್ದರೆ ಅಲ್ಲೊಂದು ಜಂಪರ್ ಹಾಕಲೇಬೇಕು. ಎಷ್ಟೋ ವರ್ಷ ಹತ್ತಾರು ಬ್ಯಾಚ್ ಕೈಯಲ್ಲಿ ಕಾಲು ಮಡಚಿಸಿಕೊಂಡ ಕೆಪಾಸಿಟರ್ ಒಳಗೇ ಓಪನ್ ಆಗಿರೋದೂ ಉಂಟು.

ಸರಿಯಾದ ಮೇಲೆ 50 ಮಿಲಿವೋಲ್ಟ್ ಕೊಡಬೇಡಿ. ಗೇನ್ 150 ಅಂದರೆ 7.5 ವೋಲ್ಟ್ ಆಯ್ತು, ವೇವ್ ಒಂದು ಕಡೆ ಚಪ್ಪಟೆಯಾಗುತ್ತೆ. 20 ಮಿಲಿವೋಲ್ಟ್ ಸಾಕು. ಜನರೇಟರ್ ಅಷ್ಟು ಕೆಳಗೆ ಇಳಿಯದಿದ್ದರೆ, ಇಳಿದರೂ ನಾಯ್ಸ್ ಜಾಸ್ತಿ ಇದ್ದರೆ, 10ಕೆ ಮತ್ತು 100 ಓಮ್ ಡಿವೈಡರ್ ಹಾಕಿ. 2 ವೋಲ್ಟ್ ಕೊಟ್ಟರೆ 100 ಓಮ್ ಮೇಲೆ ಸುಮಾರು 20 ಮಿಲಿವೋಲ್ಟ್ ಸಿಗುತ್ತೆ. ಡಿಜಿಟಲ್ ಜನರೇಟರ್ ಆದರೆ ಔಟ್‌ಪುಟ್ ಸೆಟ್ಟಿಂಗ್ 50 ಓಮ್‌ನಲ್ಲಿದೆಯಾ ಹೈ ಝಡ್‌ನಲ್ಲಿದೆಯಾ (ಅಂದರೆ ದೊಡ್ಡ ರೆಸಿಸ್ಟೆನ್ಸ್‌ನ ಲೋಡ್‌ಗೆ ಅಂತ) ನೋಡಿ. 50 ಓಮ್‌ನಲ್ಲಿದ್ದರೆ ಡಿಸ್‌ಪ್ಲೇ ತೋರಿಸೋದರ ಎರಡರಷ್ಟು ಹೊರಗೆ ಬರ್ತಿರುತ್ತೆ.

ಲ್ಯಾಬ್_ಕೋಟು

ಮೇಡಂ ಡಿಸಿ ಟೇಬಲ್ ಮೊದಲು ಕೇಳೋದು ಸತಾಯಿಸೋಕಲ್ಲ. ಮಲ್ಟಿಮೀಟರ್‌ನಲ್ಲಿ ಎರಡು ನಿಮಿಷಕ್ಕೆ ಸಿಗೋ ತಪ್ಪನ್ನ ಸಿಆರ್‌ಓದಲ್ಲಿ ಅರ್ಧ ದಿನ ಹುಡುಕಬೇಕಾಗುತ್ತೆ. ಕಲೆಕ್ಟರ್ ಪೂರ್ತಿ 12 ವೋಲ್ಟ್ ಇದ್ದರೆ ಟ್ರಾನ್ಸಿಸ್ಟರ್ ಆಫ್: 47ಕೆ ಸರಿಯಾಗಿ ಕೂತಿಲ್ಲ, ಕಾಲು ತಿರುವುಮುರುವು, ಇಲ್ಲವೇ ಇನ್‌ಪುಟ್ ಕೆಪಾಸಿಟರ್ ಬಿಟ್ಟು ಜನರೇಟರನ್ನ ನೇರ ಬೇಸ್‌ಗೆ ಕೊಟ್ಟಿದ್ದೀರಿ. ಅದರ ಒಳಗಿನ 50 ಓಮ್ ಬೇಸ್ ವೋಲ್ಟೇಜನ್ನ ಸೊನ್ನೆಗೆ ಎಳೆದುಬಿಡುತ್ತೆ. ಕಲೆಕ್ಟರೂ ಎಮಿಟರೂ ಒಂದೇ ಕಡೆ, 3 ವೋಲ್ಟ್ ಹತ್ತಿರ ನಿಂತರೆ 47ಕೆ ಮತ್ತು 10ಕೆ ಅದಲುಬದಲಾಗಿವೆ. ಎರಡಕ್ಕೂ ಮೂರನೇ ಬಣ್ಣದ ಪಟ್ಟಿ ಕಿತ್ತಳೆಯೇ ಆದ್ದರಿಂದ ಅವಸರದಲ್ಲಿ ಕಣ್ಣು ತಪ್ಪುತ್ತೆ.

ಎಸ್‌ಎಲ್ 100 ಬಗ್ಗೆ ಇನ್ನೊಂದು: ಲೋಹದ ಟೋಪಿಯ ಅಂಚಿನಲ್ಲಿರೋ ಚಿಕ್ಕ ಮೂಗಿನ ಪಕ್ಕದ್ದು ಎಮಿಟರ್. ಟೋಪಿ ಕಲೆಕ್ಟರ್‌ಗೆ ಸೇರಿಕೊಂಡಿರುತ್ತೆ, ರೆಸಿಸ್ಟರ್‌ನ ಬರಿಗಾಲು ಅದಕ್ಕೆ ತಾಗಬಾರದು.

ಆದರೆ ಒಂದು ಮಾತು ಒಪ್ಪುತ್ತೇನೆ. ಎಮಿಟರ್ ಯಾಕೆ ನೋಡಬೇಕು ಅಂತ ಬೋರ್ಡ್ ಮೇಲೆ ಮೊದಲೇ ಒಂದು ಸಾಲು ಬರೆದಿದ್ದರೆ ಈ ಪ್ರಶ್ನೆ ಇಲ್ಲಿಗೆ ಬರ್ತಿರಲಿಲ್ಲ.

ಇಸಿ_ಮೂರನೇಸೆಮ್

ಗ್ರೌಂಡ್ ಸಾಲಿಗೆ ಜಂಪರ್ ಹಾಕಿದ ಮೇಲೆ ಗೇನ್ 155. ಈಗ ಹೊಸ ತಲೆನೋವು: ಲೋವರ್ ಕಟ್‌ಆಫ್ (ಗೇನ್ 0.707 ಪಟ್ಟಿಗೆ ಇಳಿಯೋ ಕೆಳಗಿನ ಫ್ರೀಕ್ವೆನ್ಸಿ) 490 ಹರ್ಟ್ಸ್ ಬರ್ತಿದೆ. 560 ಓಮ್ ಮತ್ತು 47 ಮೈಕ್ರೋಫ್ಯಾರಡ್ 1/(2πRC) ಸೂತ್ರಕ್ಕೆ ಹಾಕಿದರೆ 6 ಹರ್ಟ್ಸ್. ಸೀನಿಯರ್ ರೆಕಾರ್ಡ್‌ನಲ್ಲಿ 100 ಇದೆ. ಯಾವುದು ಬರೀಲಿ?

ಬೆಸುಗೆ_ಬಸಣ್ಣ

490 ಬರೀರಿ. ಸೀನಿಯರ್ ರೆಕಾರ್ಡ್ ಮುಚ್ಚಿಡಿ.

ಬೈಪಾಸ್ ಕೆಪಾಸಿಟರ್‌ಗೆ ಕಾಣೋದು ಬರೀ 560 ಅಲ್ಲ. ಅದಕ್ಕೆ ಸಮಾನಾಂತರವಾಗಿ ಎಮಿಟರ್ ಒಳಗಿನ ರೆಸಿಸ್ಟೆನ್ಸ್ ಇದೆ: 26 ಮಿಲಿವೋಲ್ಟ್ ಭಾಗಿಸು 2.2 ಮಿಲಿಆಂಪ್, ಸುಮಾರು 12 ಓಮ್. ಆ 12 ಓಮ್‌ಗೆ 47 ಮೈಕ್ರೋಫ್ಯಾರಡ್ ಅಂದರೆ 280 ಹರ್ಟ್ಸ್. ಇನ್‌ಪುಟ್ ಕಡೆ, ಬೀಟಾ (ಟ್ರಾನ್ಸಿಸ್ಟರ್‌ನ ಕರೆಂಟ್ ಗೇನ್) 100 ಅಂದುಕೊಂಡರೆ, 0.47ಕ್ಕೆ ಎದುರಾಗೋದು ಹತ್ತಿರ ಹತ್ತಿರ 1.1ಕೆ, ಅದೂ 300 ಹರ್ಟ್ಸ್ ಆಸುಪಾಸು. ಎರಡೂ ಸೇರಿ 500ರ ಸುತ್ತ ಬರಲೇಬೇಕು. ಔಟ್‌ಪುಟ್ ಕೆಪಾಸಿಟರ್ ಮುಂದೆ ಸಿಆರ್‌ಓದ 1 ಮೆಗಾಓಮ್ ಇದೆ, ಅದರ ಲೆಕ್ಕ ಬಿಟ್ಟುಬಿಡಿ. ಬೈಪಾಸ್ 100, ಇನ್‌ಪುಟ್ 10 ಮೈಕ್ರೋಫ್ಯಾರಡ್ ಹಾಕಿ ನೋಡಿ, 150ರ ಹತ್ತಿರ ಇಳಿಯುತ್ತೆ. ಇನ್‌ಪುಟ್‌ನ 10 ಎಲೆಕ್ಟ್ರೋಲಿಟಿಕ್ ಆದರೆ ಪ್ಲಸ್ ಕಾಲು ಬೇಸ್ ಕಡೆಗೆ.

ಸೆಮಿಲಾಗ್

ಕಟ್‌ಆಫ್ ಹಿಡಿಯೋಕೆ ಪ್ರತಿ ಪಾಯಿಂಟ್‌ಗೂ ಲೆಕ್ಕ ಹಾಕ್ತಾ ಕೂರಬೇಡಿ. 10 ಕಿಲೋಹರ್ಟ್ಸ್‌ನಲ್ಲಿ ವೇವ್ ಸರಿಯಾಗಿ 6 ಡಿವಿಷನ್ ಬರೋ ಹಾಗೆ ಇನ್‌ಪುಟ್ ಹೊಂದಿಸಿ. ಫ್ರೀಕ್ವೆನ್ಸಿ ಇಳಿಸ್ತಾ ಹೋಗಿ, 4.2 ಡಿವಿಷನ್‌ಗೆ ಕುಗ್ಗಿದ ಜಾಗವೇ ಲೋವರ್ ಕಟ್‌ಆಫ್. ಮೇಲಕ್ಕೂ ಹಾಗೇ. ಪ್ರತಿ ಸಲ ಇನ್‌ಪುಟ್ ಬದಲಾಗಿಲ್ಲ ಅಂತ ಎರಡನೇ ಚಾನೆಲ್‌ನಲ್ಲಿ ನೋಡ್ಕೊಳ್ಳಿ. ಕಟ್‌ಆಫ್ ಎರಡೂ ಸಿಕ್ಕಮೇಲೆ ಅವುಗಳ ಸುತ್ತ ಹತ್ತಿರ ಹತ್ತಿರ ರೀಡಿಂಗ್ ತಗೊಳ್ಳಿ, ನಡುವಿನ ಸಮತಟ್ಟು ಭಾಗಕ್ಕೆ ದಶಕಕ್ಕೆ ಎರಡು ಸಾಕು.

ಅಪ್ಪರ್ ಕಟ್‌ಆಫ್ ಪಕ್ಕದ ಟೇಬಲ್‌ನವರದಕ್ಕೆ ತಾಳೆಯಾಗಲ್ಲ ಅಂತ ಗಾಬರಿ ಬೇಡ. ಮೊಸಳೆ ಕ್ಲಿಪ್‌ನ ಬಿಎನ್‌ಸಿ ಕೇಬಲ್ ಒಂದು ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್ ತಗೊಂಡು ಬರುತ್ತೆ. 2.2ಕೆ ಜೊತೆ ಅದೊಂದೇ 720 ಕಿಲೋಹರ್ಟ್ಸ್‌ಗೆ ಮಿತಿ ಹಾಕುತ್ತೆ, ಟ್ರಾನ್ಸಿಸ್ಟರ್‌ನ ಸ್ವಂತ ಕೆಪಾಸಿಟೆನ್ಸ್ ಬೇರೆ. 10 ಎಕ್ಸ್ ಪ್ರೋಬ್ (ಸಿಗ್ನಲ್ ಹತ್ತನೇ ಒಂದಕ್ಕೆ ಇಳಿಸೋದು, ಕೆಪಾಸಿಟೆನ್ಸ್ ಕಡಿಮೆ) ಇದ್ದರೆ ಅದನ್ನೇ ಹಾಕಿ, ಸಿಆರ್‌ಓದಲ್ಲೂ 10 ಎಕ್ಸ್ ಅಂತ ಹೊಂದಿಸಿ. ಯಾವ ಪ್ರೋಬ್ ಕೆಟ್ಟಿದೆ ಅನ್ನೋದನ್ನ ಕಾಂಪೊನೆಂಟ್ ಕೊಡೋ ಲ್ಯಾಬ್ ಇನ್‌ಸ್ಟ್ರಕ್ಟರ್‌ನ ಕೇಳಿ, ಮೇಡಂಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.

ವೈವಾಗೆ: 6 ಹರ್ಟ್ಸ್ ಮತ್ತು 490 ಹರ್ಟ್ಸ್ ಎರಡನ್ನೂ ರೆಕಾರ್ಡ್‌ನಲ್ಲಿ ಅಕ್ಕಪಕ್ಕ ಬರೆದು, ಕೆಳಗೆ ಬಸಣ್ಣ ಹೇಳಿದ 12 ಓಮ್ ಲೆಕ್ಕ ಹಾಕಿ. ಪ್ರಶ್ನೆ ಅಲ್ಲೇ ಬರುತ್ತೆ.