ಮೇಡಂ, ಮೆಕಿಯಾವೆಲ್ಲಿಯ ಮಾತು ಚುನಾವಣೆ ಇರುವ ಕಾಲಕ್ಕೆ ಹೊಂದುತ್ತದಾ?

ಗುಂಪಿನ ವಾರದ ಪ್ರಶ್ನೋತ್ತರ. ಈ ವಾರ ಉತ್ತರ ಕೊಡುವವರು ಪದವಿ ಕಾಲೇಜಿನಲ್ಲಿ 22 ವರ್ಷದಿಂದ ರಾಜ್ಯಶಾಸ್ತ್ರ ಕಲಿಸುತ್ತಿರುವ ನಮ್ಮ ಸದಸ್ಯೆ. ಇಂದಿನ ಪಕ್ಷಗಳ ಪರ-ವಿರೋಧ ಜಗಳ ದಯವಿಟ್ಟು ಬೇಡ. – ಅಡ್ಮಿನ್

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ನೋಟ್ಸ್‌ನಲ್ಲಿ ಇಟಲಿಯ ರಾಜಕೀಯ ಚಿಂತಕ ಮೆಕಿಯಾವೆಲ್ಲಿ ಬಗ್ಗೆ ಇರುವುದು ಎರಡೇ ಸಾಲು. 'ಗುರಿ ಮುಟ್ಟಲು ಯಾವ ದಾರಿಯಾದರೂ ಸರಿ' ಎಂದ, 'ಪ್ರೀತಿಗಿಂತ ಭಯ ಮೇಲು' ಎಂದ, ಅಷ್ಟೇ. ಅದು ರಾಜರ ಕಾಲದ ಮಾತು ಅಲ್ವಾ? ಈಗ ಚುನಾವಣೆ, ಸಂವಿಧಾನ, ಕೋರ್ಟು ಎಲ್ಲಾ ಇವೆ. ಇಂದಿನ ಸರ್ಕಾರಗಳು ಅಧಿಕಾರ ಉಳಿಸಿಕೊಳ್ಳುವ ಬಗೆಗೂ ಪುನರುಜ್ಜೀವನ ಕಾಲದ ಈ ಯೋಚನೆಗೂ ನಿಜಕ್ಕೂ ಸಂಬಂಧ ಇದೆಯಾ?

ಉತ್ತರ: ನಮಸ್ಕಾರ. ಇದೆ. ಆದರೆ ನಿಮ್ಮ ನೋಟ್ಸ್ ತೋರಿಸುವ ಕಡೆ ಇಲ್ಲ.

ಮೊದಲು ಆ ಮೊದಲನೇ ಸಾಲು. ಆ ಮಾತನ್ನು ಅವನು ಹಾಗೆ ಬರೆದೇ ಇಲ್ಲ. ಅರಸನಾದವನಿಗೆಂದು ಬರೆದ 'ದಿ ಪ್ರಿನ್ಸ್' ಪುಸ್ತಕದ 18ನೇ ಅಧ್ಯಾಯದಲ್ಲಿ ಅವನು ಹೇಳುವುದು ಬೇರೆ. ಅರಸನ ಮೇಲೆ ದೂರು ಕೊಡಲು ಯಾವ ನ್ಯಾಯಾಲಯವೂ ಇಲ್ಲ, ಹಾಗಾಗಿ ಜನ ಕೊನೆಗೆ ಏನಾಯಿತು ಅನ್ನುವುದನ್ನಷ್ಟೇ ನೋಡುತ್ತಾರೆ ಎನ್ನುತ್ತಾನೆ. ಅದು ಜನ ಹೇಗೆ ನೋಡುತ್ತಾರೆ ಎಂಬ ಮಾತು. ಹೇಗೆ ಬೇಕಾದರೂ ಮಾಡಿ ಎಂಬ ಅಪ್ಪಣೆ ಅಲ್ಲ.

ಇನ್ನು, ರಾಜರ ಕಾಲದ ಮಾತು ಎಂದಿರಲ್ಲ, ಅದು ಇನ್ನೂ ಮುಖ್ಯ. ಅವನು ಬೆಳೆದ ಊರಿನಲ್ಲಿ ರಾಜನೇ ಇರಲಿಲ್ಲ. ಇಟಲಿಯ ಫ್ಲಾರೆನ್ಸ್, ಅದು ಗಣರಾಜ್ಯ. ಊರನ್ನು ಆಳುತ್ತಿದ್ದದ್ದು 9 ಜನರ ಮಂಡಳಿ, ಅದರ ಹೆಸರು ಸಿನ್ಯೋರಿಯ. ಅವರ ಅವಧಿ ಎರಡೇ ತಿಂಗಳು. ಆಮೇಲೆ ಹೊಸ 9 ಜನ. ಆರಿಸುತ್ತಿದ್ದದ್ದು ಚೀಟಿ ಎತ್ತಿ. ಅರ್ಹರ ಹೆಸರು ಬರೆದ ಚೀಟಿಗಳನ್ನು ಚರ್ಮದ ಚೀಲಗಳಲ್ಲಿ ಹಾಕಿ ಸಾಂತಾ ಕ್ರೋಚೆ ಚರ್ಚಿನಲ್ಲಿ ಇಡುತ್ತಿದ್ದರು. ತೆರಿಗೆ ಬಾಕಿ ಇದ್ದವರ ಹೆಸರು ಬಂದರೆ ಅವರು ಕೂರುವ ಹಾಗಿಲ್ಲ. ಯಾರೂ ಜಾಸ್ತಿ ದಿನ ಕುರ್ಚಿಗೆ ಅಂಟಿಕೊಳ್ಳಬಾರದು ಎಂದೇ ಕಟ್ಟಿದ ಏರ್ಪಾಡು ಅದು.

ಇಂಥ ಊರನ್ನು ಒಂದು ಬ್ಯಾಂಕಿನ ಮನೆತನ 60 ವರ್ಷ ಕೈಯಲ್ಲಿಟ್ಟುಕೊಂಡಿತು. ಕೊಸಿಮೊ ಮೆದಿಚಿ 1434ರಲ್ಲಿ ಗಡೀಪಾರು ಮುಗಿಸಿ ವಾಪಸ್ ಬಂದ. ಸಂವಿಧಾನ ಸುಡಲಿಲ್ಲ, ಕಿರೀಟ ಹಾಕಿಕೊಳ್ಳಲಿಲ್ಲ, ಚೀಟಿ ಎತ್ತುವುದನ್ನೂ ನಿಲ್ಲಿಸಲಿಲ್ಲ. ಚೀಲಕ್ಕೆ ಚೀಟಿ ಹಾಕುವ ಅಧಿಕಾರಿಗಳು ಇದ್ದರಲ್ಲ, ಅವರನ್ನು ತನ್ನ ಕಡೆಯವರನ್ನಾಗಿ ಮಾಡಿಕೊಂಡ. ಅವರು ಒಂದೊಂದು ಸಲಕ್ಕೂ ಚೀಲದಲ್ಲಿ ಬೆರಳೆಣಿಕೆಯಷ್ಟು ಹೆಸರು ಮಾತ್ರ ಬಿಡುತ್ತಿದ್ದರು. ಯಾರ ಚೀಟಿ ಬಂದರೂ ಕೊಸಿಮೊಗೆ ನಷ್ಟ ಇರಲಿಲ್ಲ. ಅವನು 1464ರಲ್ಲಿ ಸಾಯುವ ತನಕ ಊರಿನ ಯಜಮಾನ. ಆ 30 ವರ್ಷದಲ್ಲಿ ಮಂಡಳಿಯ ಮುಖ್ಯಸ್ಥನ ಕುರ್ಚಿಯಲ್ಲಿ ಕೂತದ್ದು ಮೂರು ಸಲ, ಅಂದರೆ ಒಟ್ಟು 6 ತಿಂಗಳು.

ನಾನು ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಮಾಡಿ ತೋರಿಸುತ್ತೇನೆ. ಒಂದು ಬಟ್ಟೆ ಚೀಲ, 40 ಚೀಟಿ. ಮಕ್ಕಳೇ ತಮ್ಮ ಹೆಸರು ಬರೆದು ಹಾಕುತ್ತಾರೆ. ಒಬ್ಬ ಹುಡುಗ ಕಣ್ಣು ಮುಚ್ಚಿ ಐದು ಚೀಟಿ ಎತ್ತುತ್ತಾನೆ. ಎಲ್ಲರಿಗೂ ಒಪ್ಪಿಗೆ. ಎರಡನೇ ಸಲಕ್ಕೆ ಮುಂಚೆ ನಾನು ಚೀಲವನ್ನು ಮೇಜಿನ ಕೆಳಗಿಟ್ಟು ಮುಂದಿನ ಬೆಂಚಿನ ಏಳು ಹೆಸರು ಮಾತ್ರ ಉಳಿಸುತ್ತೇನೆ. ಮತ್ತೆ ಅದೇ ಹುಡುಗ, ಅದೇ ಮುಚ್ಚಿದ ಕಣ್ಣು. ಮೂರನೇ ಚೀಟಿ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ 'ಮೇಡಂ, ಚೀಲ ತೋರಿಸಿ' ಅನ್ನುವ ದನಿ ಬರುತ್ತದೆ. ಚೀಟಿ ಎತ್ತಿದವನ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಅವನು ಪ್ರಾಮಾಣಿಕವಾಗಿಯೇ ಎತ್ತಿರುತ್ತಾನೆ.

ನನ್ನ ಮಟ್ಟಿಗೆ ಪುನರುಜ್ಜೀವನ ಕಾಲದಿಂದ ಇಂದಿನ ಸರ್ಕಾರಗಳಿಗೆ ಬಂದ ದೊಡ್ಡ ಪಾಠ ಈ ಚೀಲ. ಮೆಕಿಯಾವೆಲ್ಲಿ ರೋಮಿನ ಇತಿಹಾಸಕಾರ ಲಿವಿಯ ಪುಸ್ತಕದ ಮೇಲೆ ಬರೆದ 'ಡಿಸ್ಕೋರ್ಸಸ್'ನಲ್ಲಿ ಇದನ್ನು ನೇರವಾಗಿ ಹೇಳುತ್ತಾನೆ. ಒಂದು ರಾಜ್ಯದ ಆಡಳಿತ ಬದಲಾಯಿಸಬೇಕು, ಜನ ಒಪ್ಪಬೇಕು ಅನ್ನುವವನು ಹಳೆಯ ಪದ್ಧತಿಯ ನೆರಳನ್ನಾದರೂ ಉಳಿಸಬೇಕು. ಯಾಕೆಂದರೆ ಹೆಚ್ಚಿನವರು ತೃಪ್ತರಾಗುವುದು ಕಾಣುವುದರಿಂದ.

ಪ್ರಶ್ನೆ: ಅದ್ಭುತ ಮೇಡಂ. ಇಂದಿನ ಕಾಲದಲ್ಲಿ ಹೀಗೆ ಚೀಲ ಹಿಡಿದವರ ಒಂದು ಉದಾಹರಣೆ ಕೊಡುತ್ತೀರಾ?

ಉತ್ತರ: ಮೆಕ್ಸಿಕೊ. 1929ರಲ್ಲಿ ಕಟ್ಟಿದ ಒಂದು ಪಕ್ಷ ಎರಡು ಸಲ ಹೆಸರು ಬದಲಾಯಿಸಿಕೊಂಡು 2000ದ ತನಕ ಅಧ್ಯಕ್ಷ ಪದವಿ ಬಿಟ್ಟುಕೊಡಲಿಲ್ಲ. 71 ವರ್ಷ! ಕೊನೆಯ ಹೆಸರು ಪಿಆರ್‌ಐ. ಅಲ್ಲಿ ಅಧ್ಯಕ್ಷನಿಗೆ ಒಂದೇ ಅವಧಿ, 6 ವರ್ಷ. ಆಮೇಲೆ ಎಷ್ಟೇ ದೊಡ್ಡವನಾದರೂ ಇಳಿದು ಮನೆಗೆ ಹೋಗಲೇಬೇಕು. ಚುನಾವಣೆ ಹೇಳಿದ ದಿನಕ್ಕೇ ನಡೆಯುತ್ತಿತ್ತು. ವಿರೋಧ ಪಕ್ಷಗಳೂ ಇದ್ದವು. ಹೊರಗಿನಿಂದ ನೋಡಿದರೆ ಫ್ಲಾರೆನ್ಸಿನ ಹಾಗೆಯೇ ಯಾರೂ ಕುರ್ಚಿಗೆ ಅಂಟಿಕೊಂಡಿಲ್ಲ.

ಇಳಿಯುವ ಅಧ್ಯಕ್ಷ ಮುಂದಿನವನನ್ನು ತಾನೇ ಆರಿಸುತ್ತಿದ್ದ. ಜನ ಅದಕ್ಕೆ 'ದೆದಾಸೊ' ಎಂದು ಹೆಸರಿಟ್ಟಿದ್ದರು, ಬೆರಳು ತೋರಿಸುವುದು ಎಂದು ಅರ್ಥ. ಆ ಬೆರಳು ಯಾರ ಕಡೆ ತಿರುಗುತ್ತದೋ ಅವನೇ ಗೆಲ್ಲುವವನು. ಚುನಾವಣೆ ನಡೆಸುತ್ತಿದ್ದದ್ದು ಸರ್ಕಾರದ್ದೇ ಗೃಹ ಖಾತೆ. 1988ರ ಜುಲೈ 6ರ ರಾತ್ರಿ ಎಣಿಕೆಯ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು ಎಂದು ಸರ್ಕಾರ ಹೇಳಿತು. ಆಮೇಲೆ ಪಕ್ಷದ ಅಭ್ಯರ್ಥಿ ಕಾರ್ಲೋಸ್ ಸಲಿನಾಸ್ ಶೇ. 50ಕ್ಕಿಂತ ಸ್ವಲ್ಪ ಜಾಸ್ತಿ ಮತ ಪಡೆದು ಗೆದ್ದರು ಎಂದು ಘೋಷಣೆ ಆಯಿತು. ಕೆಲವು ವರ್ಷದ ಮೇಲೆ ಆ ಮತಪತ್ರಗಳನ್ನು ಸುಟ್ಟೂಬಿಟ್ಟರು.

ಮುಂದಿನದ್ದನ್ನು ಗಮನ ಇಟ್ಟು ನೋಡಿ. 1990ರಲ್ಲಿ ಹೊಸ ಚುನಾವಣಾ ಸಂಸ್ಥೆ ಬಂತು. 1996ರಲ್ಲಿ ಅದನ್ನು ಸರ್ಕಾರದ ಕೈಯಿಂದ ಪೂರ್ತಿ ಬಿಡಿಸಿದರು. 1997ರಲ್ಲಿ ಪಕ್ಷ ಕೆಳಮನೆಯ ಬಹುಮತ ಕಳೆದುಕೊಂಡಿತು, 2000ದಲ್ಲಿ ಅಧ್ಯಕ್ಷ ಪದವಿಯನ್ನೂ. 71 ವರ್ಷದ ಗದ್ದುಗೆ, ಚೀಲ ಕೈತಪ್ಪಿದ ನಾಲ್ಕೇ ವರ್ಷಕ್ಕೆ ಹೋಯಿತು.

ಹಂಗೇರಿಯನ್ನೂ ನೋಡಬಹುದು. 2010ರಲ್ಲಿ ಶೇ. 53ರಷ್ಟು ಮತಕ್ಕೆ ಮೂರರಲ್ಲಿ ಎರಡು ಪಾಲು ಸೀಟು ಪಡೆದ ಪಕ್ಷ ಹೊಸ ಸಂವಿಧಾನ ಬರೆಯಿತು. ಸೀಟುಗಳನ್ನು 386ರಿಂದ 199ಕ್ಕೆ ಇಳಿಸಿ ಕ್ಷೇತ್ರಗಳ ಗಡಿ ಬದಲಿಸಿತು. 2014ರಲ್ಲಿ ಅದರ ಮತ ಶೇ. 45ರ ಆಸುಪಾಸಿಗೆ ಇಳಿದರೂ 133 ಸೀಟು ಸಿಕ್ಕವು. ಮತ್ತೆ ಮೂರರಲ್ಲಿ ಎರಡು ಪಾಲು. ಎಲ್ಲವೂ ಕಾನೂನಿನ ಪ್ರಕಾರವೇ.

ಇನ್ನೊಬ್ಬ ಸದಸ್ಯರು: ಹಾಗಾದರೆ ಭಯದ ವಿಷಯ ಸುಳ್ಳಾ ಮೇಡಂ? ಅವನು ಕ್ರೌರ್ಯವನ್ನು ಹೊಗಳಿದ್ದು ನಿಜ ತಾನೇ?

ಉತ್ತರ: ಸುಳ್ಳಲ್ಲ. ಅವನನ್ನು ಸಂತನನ್ನಾಗಿ ಮಾಡುವುದು ನನಗೂ ಇಷ್ಟವಿಲ್ಲ.

'ದಿ ಪ್ರಿನ್ಸ್'ನ 7ನೇ ಅಧ್ಯಾಯದಲ್ಲಿ ಇಟಲಿಯ ಯುದ್ಧನಾಯಕ ಚೆಸರೆ ಬೋರ್ಜಿಯಾನ ಕಥೆ ಬರುತ್ತದೆ. ರೊಮಾನ್ಯ ಪ್ರಾಂತ್ಯದಲ್ಲಿ ಕಳ್ಳತನ, ಹೊಡೆದಾಟ ವಿಪರೀತ. ಬೋರ್ಜಿಯಾ ಅಲ್ಲಿಗೆ ರೆಮಿರ್ರೊ ಎಂಬ ಕಠಿಣ ಅಧಿಕಾರಿಯನ್ನು ಪೂರ್ತಿ ಅಧಿಕಾರ ಕೊಟ್ಟು ಕಳಿಸಿದ. ಊರು ತಣ್ಣಗಾಯಿತು, ಆದರೆ ಜನ ಕುದಿಯುತ್ತಿದ್ದರು. 1502ರ ಡಿಸೆಂಬರ್ 26ರ ಬೆಳಿಗ್ಗೆ ಚೆಸೇನಾ ಊರಿನ ಚೌಕದಲ್ಲಿ ಆ ಅಧಿಕಾರಿಯ ದೇಹ ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಮರದ ದಿಮ್ಮಿ, ರಕ್ತ ಮೆತ್ತಿದ ಚಾಕು. ಫ್ಲಾರೆನ್ಸಿನ ದೂತನಾಗಿ ಮೆಕಿಯಾವೆಲ್ಲಿ ಆಗ ಬೋರ್ಜಿಯಾನ ಹತ್ತಿರವೇ ಇದ್ದ. ಆ ನೋಟದಿಂದ ಜನರಿಗೆ ಒಟ್ಟಿಗೇ ಸಮಾಧಾನವೂ ಆಯಿತು, ದಿಗಿಲೂ ಆಯಿತು ಎಂದು ಬರೆಯುತ್ತಾನೆ.

ಕೊಲೆಯನ್ನು ಪಕ್ಕಕ್ಕಿಡಿ, ಏರ್ಪಾಡು ನೋಡಿ. ಕಹಿ ಕೆಲಸ ಒಬ್ಬನ ಕೈಯಲ್ಲಿ ಮಾಡಿಸುವುದು, ಸಿಟ್ಟು ಏರಿದಾಗ ಅವನನ್ನು ಜನರ ಮುಂದೆ ಹಾಕುವುದು, ಯಜಮಾನನ ಹೆಸರು ಶುದ್ಧವಾಗಿ ಉಳಿಯುವುದು. ಹಗರಣ ಆದಾಗ ಯಾವ ದೇಶದಲ್ಲೇ ಆಗಲಿ, ಮೊದಲು ಕೆಳಗಿನ ಅಧಿಕಾರಿಯ ಅಮಾನತು, ಆಮೇಲೆ ಬೇಕಾದರೆ ಒಬ್ಬ ಮಂತ್ರಿಯ ರಾಜೀನಾಮೆ. ಅಪ್ಪಣೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಭಯ. ಪರೀಕ್ಷೆಯಲ್ಲಿ ಹೆಚ್ಚಿನವರು ಅರ್ಧ ಬರೆದು ಬಿಡುವುದು ಇದನ್ನೇ. ಪ್ರೀತಿ, ಭಯ ಎರಡೂ ಒಟ್ಟಿಗೆ ಸಿಗದಿದ್ದರೆ ಭಯ ಮೇಲು ಎನ್ನುವ 17ನೇ ಅಧ್ಯಾಯವೇ, ಜನರ ದ್ವೇಷ ಮಾತ್ರ ಕಟ್ಟಿಕೊಳ್ಳಬೇಡ ಎಂದೂ ಹೇಳುತ್ತದೆ. ಜನರ ಆಸ್ತಿಗೆ ಕೈ ಹಾಕಬೇಡ, ಅಪ್ಪ ಸತ್ತದ್ದನ್ನು ಮರೆತಾರು, ಪಿತ್ರಾರ್ಜಿತ ಹೋದದ್ದನ್ನು ಮರೆಯುವುದಿಲ್ಲ ಎನ್ನುತ್ತಾನೆ. ಜಮೀನಿನ ಗಲಾಟೆ ಹತ್ತಿರದಿಂದ ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಒಳ್ಳೆಯ ಕೋಟೆ ಎಂದರೆ ಜನರ ದ್ವೇಷ ಇಲ್ಲದಿರುವುದು ಎಂಬುದೂ ಅವನದೇ ಮಾತು, 20ನೇ ಅಧ್ಯಾಯ.

ಮತ್ತೊಬ್ಬ ಸದಸ್ಯರು (ಮೈಸೂರು): ನಮ್ಮ ಚಾಣಕ್ಯ ಇದನ್ನೆಲ್ಲ ಮೊದಲೇ ಹೇಳಿದ್ದಾನಲ್ಲ ಮೇಡಂ?

ಉತ್ತರ: ಹೌದು. ನಿಮ್ಮ ಊರಿಗೆ ಇದರಲ್ಲಿ ದೊಡ್ಡ ಪಾಲಿದೆ ಸರ್. ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1905ರಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಹತ್ತು ವರ್ಷದಲ್ಲೇ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಇದರ ಮುಂದೆ ಮೆಕಿಯಾವೆಲ್ಲಿಯ ಪುಸ್ತಕ ಏನೂ ಅಲ್ಲ ಎಂದರು. ಆದರೆ ಒಂದು ವ್ಯತ್ಯಾಸ ಇದೆ. ಅರ್ಥಶಾಸ್ತ್ರ ಬರೆದಿರುವುದು ರಾಜನಿಗೆ. ಇರುವ ಗಣರಾಜ್ಯವನ್ನು ಹೊರಗೆ ಹಾಗೇ ಬಿಟ್ಟು ಒಳಗಿನಿಂದ ಹಿಡಿಯುವ ಕೆಲಸ ನೋಡಬೇಕಾದರೆ ಫ್ಲಾರೆನ್ಸಿಗೇ ಹೋಗಬೇಕು.

ಪ್ರಶ್ನೆ: ತುರ್ತು ಪರಿಸ್ಥಿತಿಗೆ ಇದು ಹೊಂದುತ್ತದಾ ಮೇಡಂ? ಅಡ್ಮಿನ್ ಕ್ಷಮಿಸಿ, ಅದು ಇತಿಹಾಸ ಎಂದು ಕೇಳುತ್ತಿದ್ದೇನೆ.

ಉತ್ತರ: ಅರ್ಧ ಹೊಂದುತ್ತದೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದ ಮೇಲೂ ಸಂಸತ್ತು ಇತ್ತು, ಕೋರ್ಟು ಇತ್ತು. 42ನೇ ತಿದ್ದುಪಡಿಯಲ್ಲಿ ಲೋಕಸಭೆಯ ಅವಧಿ 5ರಿಂದ 6 ವರ್ಷ ಆಯಿತು, 44ನೆಯದರಲ್ಲಿ ಮತ್ತೆ 5 ಆಯಿತು. ಹೊರಗಿನ ರೂಪ ಉಳಿಸುವ ಪಾಠ ಅಲ್ಲಿದೆ.

ನನಗೆ ಜಾಸ್ತಿ ಕಾಡುವುದು 'ದಿ ಪ್ರಿನ್ಸ್'ನ 23ನೇ ಅಧ್ಯಾಯ, ಹೊಗಳುಭಟರದ್ದು. ನಿಜ ಹೇಳಿದರೆ ಸಿಟ್ಟಾಗುವುದಿಲ್ಲ ಎಂದು ಸುತ್ತಲಿನವರಿಗೆ ಗೊತ್ತಿರಬೇಕು, ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ಅದೊಂದೇ ದಾರಿ ಎನ್ನುತ್ತಾನೆ. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಜನರಿಗೆ ಸುದ್ದಿ ಹೋಗದ ಹಾಗೆ ಕಟ್ಟಿದ ಗೋಡೆ ಸರ್ಕಾರಕ್ಕೂ ಜನರ ಮನಸ್ಸು ಕಾಣದ ಹಾಗೆ ಮಾಡಿತು ಎಂದು ನಾನು ತಿಳಿದಿದ್ದೇನೆ. 1977ರ ಮಾರ್ಚ್‌ನಲ್ಲಿ ಚುನಾವಣೆ ಆಯಿತು. ಪ್ರಧಾನಿಯೇ ರಾಯ್‌ಬರೇಲಿಯಲ್ಲಿ ಸೋತರು. ಚೀಲ ಸರ್ಕಾರದ ಕೈಯಲ್ಲಿ ಇರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಕೊನೆಯದು ಮೇಡಂ. ಅಧಿಕಾರ ಉಳಿಸಿಕೊಳ್ಳುವುದು ಹೇಗೆ ಎಂದು ಆಳುವವರಿಗೆ ಹೇಳಿಕೊಟ್ಟರು. ಜನರ ಪರವಾಗಿ ಆ ಕಾಲದಲ್ಲಿ ಯಾರೂ ಏನೂ ಹೇಳಲಿಲ್ಲವಾ?

ಉತ್ತರ: ಹೇಳಿದರು. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಾಯಿತು.

ಫ್ರಾನ್ಸಿನಲ್ಲಿ ಎತಿಯೆನ್ ದ ಲಾ ಬೊಯೆಸಿ ಎಂಬ ಯುವಕ 16ನೇ ಶತಮಾನದ ಮಧ್ಯದಲ್ಲಿ ಒಂದು ಸಣ್ಣ ಬರಹ ಬರೆದ. ಒಬ್ಬನೇ ಮನುಷ್ಯ ಲಕ್ಷಾಂತರ ಜನರನ್ನು ಹೇಗೆ ಹಿಡಿದಿಡುತ್ತಾನೆ ಎಂದು ಕೇಳಿ ತಾನೇ ಉತ್ತರ ಕೊಟ್ಟ. ಅವನ ಸುತ್ತ ಆರು ಜನ. ಆ ಆರು ಜನರ ಕೆಳಗೆ ಲಾಭ ಮಾಡಿಕೊಳ್ಳುವ ಆರು ನೂರು, ಅವರ ಕೆಳಗೆ ಆರು ಸಾವಿರ. ಅವನನ್ನು ಕೆಡವಲು ಕೈ ಎತ್ತಬೇಕಿಲ್ಲ, ಹೆಗಲು ಕೊಡುವುದನ್ನು ಬಿಟ್ಟರೆ ಸಾಕು ಎಂದ. 32ನೇ ವಯಸ್ಸಿಗೇ ತೀರಿಕೊಂಡ.

ಮೆಕಿಯಾವೆಲ್ಲಿಯೂ 'ಡಿಸ್ಕೋರ್ಸಸ್'ನಲ್ಲಿ, ರೋಮ್ ಸ್ವತಂತ್ರವಾಗಿ ಉಳಿದದ್ದು ಶ್ರೀಮಂತರಿಗೂ ಸಾಮಾನ್ಯರಿಗೂ ನಡೆಯುತ್ತಿದ್ದ ಜಗಳದಿಂದಲೇ ಎಂದ. ಗದ್ದಲ ಕಂಡರೆ ಕೆಟ್ಟದ್ದು ಅನ್ನುವವರಿಗೆ, ಆ ಗದ್ದಲದಿಂದ ಹುಟ್ಟಿದ ಕಾನೂನು ನೋಡಿ ಎಂದ. ಸಮಯ ಇದ್ದರೆ ಮೊದಲು ಇದನ್ನೇ ಓದಿ.

ಆದರೆ ನೀವು ನೆನಪಿಡಬೇಕು ಅನ್ನಿಸುವುದು ಒಂದು ಗೋಡೆ ಬರಹ. ಚೀಲದ ಏರ್ಪಾಡಿಗೆ ವಿರೋಧ ಬಂದಾಗಲೆಲ್ಲ ಮೆದಿಚಿ ಕಡೆಯವರಿಗೆ ಒಂದು ಉಪಾಯ ಇತ್ತು, 'ಪಾರ್ಲಮೆಂತೊ'. ಸಿನ್ಯೋರಿಯ ಮಂಡಳಿ ಕೂರುವ ಅರಮನೆಯ ದೊಡ್ಡ ಗಂಟೆ ಹೊಡೆಯುತ್ತಿತ್ತು. ಅದರ ದನಿಗೆ ಜನ ಅದನ್ನು 'ಹಸು' ಎಂದೇ ಕರೆಯುತ್ತಿದ್ದರು. ಊರಿನವರೆಲ್ಲ ಚೌಕಕ್ಕೆ ಬರಬೇಕು. ಚೌಕದ ಬಾಯಿಗಳಲ್ಲಿ ಆಯುಧ ಹಿಡಿದವರು. ಮೂರರಲ್ಲಿ ಎರಡು ಪಾಲು ಜನ ಬಂದಿದ್ದೀರಾ ಎಂದು ಮೇಲಿನಿಂದ ಕೇಳುವರು. ಕೆಳಗಿನಿಂದ 'ಹೌದು, ಹೌದು' ಎಂಬ ಕೂಗು. ವಿಶೇಷ ಸಮಿತಿಗೆ ಪೂರ್ತಿ ಅಧಿಕಾರ ಕೊಡುತ್ತೀರಾ? 'ಹೌದು, ಹೌದು.' 1458ರ ಆಗಸ್ಟ್‌ನಲ್ಲಿ, 1466ರಲ್ಲಿ ಹೀಗೆಯೇ ನಡೆಯಿತು. ಜನರೇ ಒಪ್ಪಿದರು ಎಂದು ದಾಖಲೆಯೂ ಆಯಿತು.

1494ರಲ್ಲಿ ಮೆದಿಚಿಗಳನ್ನು ಓಡಿಸಿದ ಮೇಲೆ ಊರಿನವರು ಮಾಡಿದ ಮುಖ್ಯ ಕೆಲಸಗಳಲ್ಲಿ ಈ ಪಾರ್ಲಮೆಂತೊ ನಿಷೇಧವೂ ಒಂದು. ಸಾವಿರಾರು ಜನರ ಮಹಾಸಭೆ ಮಾಡಿಕೊಂಡರು, ಅದಕ್ಕೆ ಭಾರಿ ಸಭಾಂಗಣ ಕಟ್ಟಿಸಿದರು. ಅಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕೆತ್ತಿಸಿದರು: ಪಾರ್ಲಮೆಂತೊ ಕರೆಯಬೇಕು ಅನ್ನುವವನು ನಿನ್ನ ಕೈಯಿಂದ ಆಡಳಿತ ಕಿತ್ತುಕೊಳ್ಳಬೇಕು ಅನ್ನುವವನೇ, ತಿಳಿದುಕೋ.

ಆ ಗಣರಾಜ್ಯದ ಕಚೇರಿಯಲ್ಲಿ 1498ರಿಂದ ಮೆಕಿಯಾವೆಲ್ಲಿ ಕೆಲಸ ಮಾಡಿದ, ಅದೇ ಅರಮನೆಯೊಳಗೆ. 1512ರಲ್ಲಿ ಸ್ಪೇನಿನ ಸೈನ್ಯ ಪಕ್ಕದ ಪ್ರಾತೊ ಊರನ್ನು ಕೊಳ್ಳೆ ಹೊಡೆಯಿತು. ಅದರ ಬೆನ್ನಿಗೆ ಮೆದಿಚಿಗಳು ಬಂದರು. ಸೆಪ್ಟೆಂಬರ್ 16ರಂದು ಚೌಕಕ್ಕೆ ಮತ್ತೆ ಜನರನ್ನು ಕರೆದರು, ಪಾರ್ಲಮೆಂತೊ. ನವೆಂಬರ್‌ನಲ್ಲಿ ಮೆಕಿಯಾವೆಲ್ಲಿಯ ಕೆಲಸ ಹೋಯಿತು. ಮರುವರ್ಷ ಫೆಬ್ರವರಿಯಲ್ಲಿ ಪಿತೂರಿಯ ಅನುಮಾನದ ಮೇಲೆ ಹಿಡಿದು, ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲೆಳೆದು ಕೆಳಗೆ ಬಿಟ್ಟು ಹಿಂಸೆ ಕೊಟ್ಟರು. 'ದಿ ಪ್ರಿನ್ಸ್' ಬರೆದದ್ದು ಅದೇ ವರ್ಷ, ಊರಾಚೆಯ ತೋಟದ ಮನೆಯಲ್ಲಿ. ಮಹಾಸಭೆಯ ಆ ಸಭಾಂಗಣದ ಮರದ ಕೆಲಸವನ್ನೆಲ್ಲ ಆ ಹೊತ್ತಿಗೆ ಕಿತ್ತುಹಾಕಿ ಒಳಗೆ ಸಿಪಾಯಿಗಳನ್ನು ಇಳಿಸಿದ್ದರು.